ಭೂಪಟದ ಮುಂದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ನೆಲ, ನೀರು, ಹವೆ ಒಂದು ದೇಶದ ಊರುಗಳನ್ನೂ ದುಡಿಮೆಯನ್ನೂ ಹೇಗೆ ರೂಪಿಸುತ್ತವೆ ಎಂಬ ವಿಷಯಕ್ಕೆ ಬಂದ ಪ್ರಶ್ನೆಗಳಲ್ಲಿ ಎಂಟನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಹೆಸರೇ ಕೇಳದ ದೇಶದ ಪ್ರಾಕೃತಿಕ ಭೂಪಟ ಮುಂದಿಟ್ಟರೆ, ಜನ ಎಲ್ಲಿ ದಟ್ಟವಾಗಿರುತ್ತಾರೆಂದು ಊಹಿಸಲು ಏನಾದರೂ ಕ್ರಮ ಇದೆಯೇ?

ಇದೆ. ಹೆಚ್ಚಿನವರು ಮೊದಲು ನದಿ ಹುಡುಕುತ್ತಾರೆ, ಅಲ್ಲೇ ಎಡವುತ್ತಾರೆ. ಮೊದಲು ನೋಡಬೇಕಾದದ್ದು ಅಕ್ಷಾಂಶ ಮತ್ತು ಎತ್ತರ, ಅದೂ ಎರಡನ್ನೂ ಒಟ್ಟಿಗೆ. ಪ್ರತಿ 1,000 ಮೀಟರ್ ಏರಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸಮಭಾಜಕದ ಹತ್ತಿರ ಈ ಇಳಿಕೆ ವರದಾನ: ಸೆಕೆ ಕಡಿಮೆ, ಮಲೇರಿಯಾ ಕಡಿಮೆ. ಬೊಗೋಟಾ (ಸುಮಾರು 2,640 ಮೀ.), ಕೀಟೊ (2,850 ಮೀ.), ಅಡಿಸ್ ಅಬಾಬಾ (2,350 ಮೀ.) ಅಷ್ಟು ಎತ್ತರದಲ್ಲಿ ಬೆಳೆದದ್ದು ಇದರಿಂದಲೇ. ಅದೇ 2,500 ಮೀಟರ್ ಎತ್ತರ ಯುರೋಪಿನ ಆಲ್ಪ್ಸ್‌ನಲ್ಲಿ ಸಿಕ್ಕರೆ ಅಲ್ಲಿ ಊರು ಹುಡುಕಬೇಡಿ. ಲೆಕ್ಕ ಹಾಕುವಾಗ ಒಂದು ಎಚ್ಚರಿಕೆ: ಕರಾವಳಿಯ 27 ಡಿಗ್ರಿಯಿಂದ ಕಳೆಯುತ್ತ ಹೋದರೆ ಬೊಗೋಟಾಕ್ಕೆ 10 ಡಿಗ್ರಿ ಬರುತ್ತದೆ, ನಿಜವಾದ ಸರಾಸರಿ 13–14. ವಿಶಾಲವಾದ ಪ್ರಸ್ಥಭೂಮಿ ಬಿಸಿಲಿಗೆ ತಾನೇ ಕಾದು ಮೇಲಿನ ಗಾಳಿಯನ್ನೂ ಬೆಚ್ಚಗಾಗಿಸುತ್ತದೆ. ಒಂಟಿ ಶಿಖರಕ್ಕೆ ಆ ಅನುಕೂಲವಿಲ್ಲ.

ಎರಡನೆಯದು ಮಳೆ. ಇಲ್ಲಿ ಮಿಲಿಮೀಟರ್ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಲಂಡನ್ನಿಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಮಾತ್ರ, ಆದರೂ ಅದು ಹಸಿ ಊರು. ಅಷ್ಟೇ ಮಳೆ ಉಷ್ಣವಲಯದಲ್ಲಿ ಬಿದ್ದರೆ ಅದು ಬರಡು ಸೀಮೆ, ಏಕೆಂದರೆ ಬಿದ್ದದ್ದರ ಎರಡು ಪಟ್ಟಿಗಿಂತ ಹೆಚ್ಚು ನೀರನ್ನು ಆವಿ ಮಾಡುವ ಶಕ್ತಿ ಅಲ್ಲಿನ ಬಿಸಿಲಿಗಿದೆ. ಹಾಗಾಗಿ ಮಳೆಯಿಂದ ಆವಿಯನ್ನು ಕಳೆದು ಉಳಿದದ್ದನ್ನು ಅಳೆಯಬೇಕು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ 100ನೇ ರೇಖಾಂಶ ಸಾಕ್ಷಿ. ಸ್ಥೂಲವಾಗಿ ಆ ಗೆರೆಯ ಪಶ್ಚಿಮಕ್ಕೆ ವರ್ಷದ ಮಳೆ 500 ಮಿ.ಮೀ.ಗಿಂತ ಕೆಳಗೆ ಇಳಿಯುತ್ತದೆ. 1862ರ ಕಾಯಿದೆ ಒಕ್ಕಲು ಕುಟುಂಬಕ್ಕೆ 160 ಎಕರೆ ಕೊಟ್ಟಿತು. ತೇವದ ಪೂರ್ವಭಾಗದಲ್ಲಿ ಅದು ಧಾರಾಳ, ಒಣ ಪಶ್ಚಿಮದಲ್ಲಿ ಹೊಟ್ಟೆಗೂ ಸಾಲದು. ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದ್ದರು: ಅಲ್ಲಿ ದನ ಮೇಯಿಸುವ ಕುಟುಂಬಕ್ಕೆ 2,560 ಎಕರೆ ಬೇಕು, ನೀರಾವರಿ ಇದ್ದರೆ 80 ಎಕರೆ ಸಾಕು. ಯಾರೂ ಕಿವಿಗೊಡಲಿಲ್ಲ. ನೇಗಿಲು ಹೊಡೆದರೆ ಮಳೆ ತಾನಾಗಿ ಹಿಂಬಾಲಿಸುತ್ತದೆ ಎಂದು ಆಗ ಪ್ರಚಾರ ಮಾಡುವವರೂ ಇದ್ದರು. 1930ರ ದಶಕದ ಬರದಲ್ಲಿ ಹುಲ್ಲು ಕಿತ್ತ ಆ ಹೊಲಗಳ ಮೇಲ್ಮಣ್ಣು ದೂಳಾಗಿ ಹಾರಿತು, ಊರಿಗೆ ಊರೇ ಗುಳೆ ಹೊರಟವು.

ಚೀನಾದಲ್ಲಿ ಇಂಥದ್ದೇ ಗೆರೆಯನ್ನು ಭೂಗೋಳಜ್ಞ ಹೂ ಹುವಾನ್‌ಯೊಂಗ್ 1935ರಲ್ಲಿ ಎಳೆದರು. ಅದು ಈಶಾನ್ಯದ ಹೇಹೆಯಿಂದ ನೈಋತ್ಯದ ತೆಂಗ್‌ಚೊಂಗ್‌ವರೆಗೆ ಓರೆಯಾಗಿ ಸಾಗುತ್ತದೆ. ಆಗ ಅದರ ಆಗ್ನೇಯಕ್ಕೆ ದೇಶದ 36% ನೆಲ, 96% ಜನ. ಗಡಿಗಳು ಬದಲಾದ ಮೇಲೆ ನೆಲದ ಪಾಲು ಸುಮಾರು 43% ಆಯಿತು, ಜನರ ಪಾಲು ಮಾತ್ರ ಇಂದಿಗೂ 94%ರ ಆಸುಪಾಸಿನಲ್ಲೇ ಇದೆ. ಕ್ರಾಂತಿ, ಕಾರ್ಖಾನೆ, ವೇಗದ ರೈಲು ಎಲ್ಲ ಬಂದುಹೋದರೂ ಆ ಗೆರೆ ಕದಲಿಲ್ಲ. ಅದು ಹೆಚ್ಚುಕಡಿಮೆ 400 ಮಿ.ಮೀ. ಮಳೆಯ ಗೆರೆಯೂ ಹೌದು.

ಮೂರನೆಯದು ಮಣ್ಣು, ನಾಲ್ಕನೆಯದು ನದಿ. ನದಿಯಲ್ಲೂ ಅಗಲಕ್ಕಿಂತ ಮುಖ್ಯವಾದದ್ದು ದೋಣಿ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ಸರಕು ಇಳಿಸಲೇಬೇಕಾಗುತ್ತದೆ ಎಂಬುದು. ಇವೆರಡಕ್ಕೂ ಮುಂದಿನ ಪ್ರಶ್ನೆಗಳಲ್ಲಿ ಉದಾಹರಣೆಗಳಿವೆ.

ಪ್ರಶ್ನೆ: ಈಜಿಪ್ಟಿನ ಜನಸಾಂದ್ರತೆ ಚದರ ಕಿ.ಮೀ.ಗೆ ನೂರರ ಆಸುಪಾಸು ಎಂದು ಓದಿದೆ. ಹಾಗಿದ್ದರೆ ಅಲ್ಲಿ ಇಕ್ಕಟ್ಟು ಎನ್ನುವುದೇಕೆ?

ಭಾಗಿಸಿದ್ದು ತಪ್ಪು ಸಂಖ್ಯೆಯಿಂದ. ಹತ್ತು ಕೋಟಿ ದಾಟಿದ ಜನರನ್ನು ಸುಮಾರು 10 ಲಕ್ಷ ಚ.ಕಿ.ಮೀ.ಗೆ ಹಂಚಿದರೆ ನೂರು ಬರುತ್ತದೆ, ನಿಜ. ಆದರೆ ಸಾಗುವಳಿ ನೆಲ ಅದರಲ್ಲಿ 4%ರಷ್ಟು ಮಾತ್ರ, ಜನರಲ್ಲಿ 95% ಇರುವುದು ನೈಲ್ ಕಣಿವೆ ಮತ್ತು ಮುಖಜಭೂಮಿಯಲ್ಲೇ. ಸಾಗುವಳಿ ನೆಲದಿಂದ ಭಾಗಿಸಿ ನೋಡಿ, ಚ.ಕಿ.ಮೀ.ಗೆ 2,500 ದಾಟುತ್ತದೆ. ಮರುಭೂಮಿ ಇರುವ ಯಾವ ದೇಶಕ್ಕೂ ಈ ಎರಡನೆಯ ಲೆಕ್ಕವನ್ನೇ ಹಾಕಿ.

ನೈಲ್‌ಗೆ ಇನ್ನೊಂದು ಅದೃಷ್ಟವೂ ಇದೆ. ನೀರು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ, ಗಾಳಿ ಬಹುತೇಕ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಹೋಗುವಾಗ ಪ್ರವಾಹ, ಬರುವಾಗ ಹಾಯಿ. ಒಂದೇ ಆಡಳಿತ ಅಷ್ಟು ಉದ್ದದ ಕಣಿವೆಯನ್ನು ಸಾವಿರಾರು ವರ್ಷ ಹಿಡಿದಿಡಲು ಇದು ಸಣ್ಣ ನೆರವಾಗಿರಲಿಲ್ಲ.

ಪ್ರಶ್ನೆ: ಜಾವಾ ಮತ್ತು ಬೋರ್ನಿಯೊ ಅಕ್ಕಪಕ್ಕದ ದ್ವೀಪಗಳು. ಎರಡೂ ಕಡೆ ಸೆಕೆ, ಎರಡೂ ಕಡೆ ಧಾರಾಳ ಮಳೆ. ಒಂದು ಕಡೆ ಕಾಲಿಡಲು ಜಾಗವಿಲ್ಲ, ಇನ್ನೊಂದು ಕಡೆ ಕಾಡು. ಏಕೆ?

ಅಂತರ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. 2020ರ ಜನಗಣತಿಯಲ್ಲಿ ಸುಮಾರು 1.3 ಲಕ್ಷ ಚ.ಕಿ.ಮೀ.ನ ಜಾವಾದಲ್ಲಿ 15 ಕೋಟಿ ಜನ. ಬೋರ್ನಿಯೊದ ಇಂಡೊನೇಷ್ಯಾ ಭಾಗವಾದ ಕಲಿಮಂತಾನ್‌ನಲ್ಲಿ 5.4 ಲಕ್ಷ ಚ.ಕಿ.ಮೀ.ಗೆ 1.7 ಕೋಟಿಯೂ ಇಲ್ಲ.

ಮುಖ್ಯ ಕಾರಣ ಕಾಲಡಿಯ ಕಲ್ಲು. ಸದಾ ಮಳೆ ಸುರಿಯುವ ಬಿಸಿ ಸೀಮೆಯಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ನೀರಿನೊಂದಿಗೆ ಬಸಿದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ತುಂಬಿದ ಹುಳಿಮಣ್ಣು ಉಳಿಯುತ್ತದೆ. ಜಾವಾದಲ್ಲೂ ಬಸಿಯುತ್ತದೆ, ಆದರೆ ಜ್ವಾಲಾಮುಖಿಗಳು ಮತ್ತೆಮತ್ತೆ ಹೊಸ ಬೂದಿ ಚೆಲ್ಲಿ ಕಳೆದದ್ದನ್ನು ತುಂಬಿಕೊಡುತ್ತವೆ. ಹೊಳೆಗಳು ಅದನ್ನು ಕೆಳಗಿನ ಗದ್ದೆಗಳಿಗೆ ಹೊತ್ತು ತರುತ್ತವೆ. ಬೋರ್ನಿಯೊದಲ್ಲಿ ಹಾಗೆ ಮಣ್ಣನ್ನು ಹೊಸದು ಮಾಡುವ ಜ್ವಾಲಾಮುಖಿಗಳಿಲ್ಲ. ಅಲ್ಲಿನ ಸಾರವೆಲ್ಲ ಮರಗಳಲ್ಲೇ ಇದೆ. ಕಡಿದು ಸುಟ್ಟರೆ ಎರಡು ಮೂರು ಬೆಳೆ, ಆಮೇಲೆ ನೆಲ ಕೈಕೊಡುತ್ತದೆ.

ಇದನ್ನು ಲೆಕ್ಕಿಸದೆ 1990ರ ದಶಕದ ಮಧ್ಯದಲ್ಲಿ ಮಧ್ಯ ಕಲಿಮಂತಾನ್‌ನ 10 ಲಕ್ಷ ಹೆಕ್ಟೇರ್ ಜೌಗನ್ನು ಭತ್ತದ ಗದ್ದೆ ಮಾಡುವ ಯೋಜನೆ ಹೊರಟಿತು. ಅದರಲ್ಲಿ ಬಹುಪಾಲು ಪೀಟ್, ಅಂದರೆ ಪೂರ್ತಿ ಕೊಳೆಯದ ಗಿಡಮರಗಳೇ ಅಡಿಗಟ್ಟಲೆ ಒಟ್ಟಿಕೊಂಡ ನೆಲ. ಸಾವಿರಾರು ಕಿ.ಮೀ. ಕಾಲುವೆ ತೋಡಿ ನೀರು ಬಸಿದರು. ನೀರು ಇಳಿದಂತೆ ಪೀಟ್‌ಗೆ ಗಾಳಿ ತಾಗಿ ಅದು ಕರಗತೊಡಗಿತು, ನೆಲ ಕುಸಿಯಿತು, ಹುಳಿ ಏರಿತು, ಭತ್ತ ಬರಲಿಲ್ಲ. 1997ರ ಬರದಲ್ಲಿ ಒಣಗಿದ ಪೀಟ್‌ಗೆ ಬೆಂಕಿ ಬಿತ್ತು. ನೆಲದೊಳಗೇ ಕನಲುವ ಆ ಬೆಂಕಿಯನ್ನು ಮೇಲಿಂದ ನೀರು ಹಾಕಿ ಆರಿಸಲಾಗುವುದಿಲ್ಲ.

ಪ್ರಶ್ನೆ: ಕಿನ್ಶಾಸಾ, ಬ್ರಾಜಾವಿಲ್ ಎರಡು ದೇಶಗಳ ರಾಜಧಾನಿಗಳು. ಒಂದೇ ನದಿಯ ಎರಡು ದಡದಲ್ಲಿ ಎದುರುಬದುರು ಇರುವುದು ಕಾಕತಾಳೀಯವೇ?

ಅಲ್ಲ. ಕಾಂಗೊ ನದಿಯಲ್ಲಿ ಒಳನಾಡಿನ ಕಿಸಂಗಾನಿಯಿಂದ ಇಲ್ಲಿಯವರೆಗೆ ಸುಮಾರು 1,700 ಕಿ.ಮೀ. ದೋಣಿ ಸಾಗುತ್ತದೆ. ಇಲ್ಲಿ ನದಿ ಸರೋವರದಂತೆ ಹರಡಿಕೊಂಡು, ಮುಂದೆ ನೂರಾರು ಕಿ.ಮೀ. ಉದ್ದದ ಲಿವಿಂಗ್‌ಸ್ಟನ್ ಜಲಪಾತ ಸರಣಿಗೆ ಧುಮುಕುತ್ತದೆ. ಅಲ್ಲಿ ಯಾವ ದೋಣಿಯೂ ಇಳಿಯದು. ಸರಕನ್ನು ಇಳಿಸಿ, ಕೂಡಿಟ್ಟು, ಬೇರೆ ವಾಹನಕ್ಕೆ ಏರಿಸಬೇಕು. ಹಾಗೆ ಮಾಡಬೇಕಾದ ಕಡೆ ಕೂಲಿಯವರು, ಗೋದಾಮು, ಸಾಲ ಕೊಡುವವರು, ಸುಂಕ ವಸೂಲಿ ಮಾಡುವವರು ಬಂದು ಸೇರುತ್ತಾರೆ. ಎರಡು ವಸಾಹತು ಶಕ್ತಿಗಳು ಎರಡು ದಡ ಹಿಡಿದಿದ್ದರಿಂದ ಎರಡು ನಗರಗಳಾದವು. ಬೆಲ್ಜಿಯಂನವರು 1898ಕ್ಕೆ ಮತಾಡಿ ಬಂದರಿಗೆ ರೈಲು ಹಾಕಿದರು, ಫ್ರೆಂಚರು 1934ಕ್ಕೆ ಪ್ವಾಂತ್ ನ್ವಾರ್‌ಗೆ.

ಅಮೆರಿಕದ ಪೂರ್ವ ತೀರದಲ್ಲಿ ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್, ರಿಚ್‌ಮಂಡ್ ಒಂದೇ ಸಾಲಿನಲ್ಲಿ ಪೋಣಿಸಿದಂತಿರುವುದಕ್ಕೂ ಇದೇ ವಿವರಣೆ. ಗಟ್ಟಿ ಬಂಡೆಯ ಮೇಲ್ನಾಡಿನಿಂದ ಮೆತ್ತನೆ ಕರಾವಳಿ ಬಯಲಿಗೆ ನದಿಗಳು ಧುಮುಕುವ ಗೆರೆ ಅದು. ಕೆಳಗಿನಿಂದ ಬಂದ ಹಡಗು ಅಲ್ಲಿ ನಿಲ್ಲಬೇಕು. ಬೀಳುವ ನೀರು ಗಿರಣಿಯ ಚಕ್ರ ತಿರುಗಿಸುತ್ತದೆ. ತಡೆಯೇ ಬಂಡವಾಳವಾದ ಊರುಗಳು ಇವು.

ಪ್ರಶ್ನೆ: ಸಮುದ್ರವಿಲ್ಲದ ದೇಶಗಳು ಬಡವಾಗಿರುತ್ತವೆ ಎನ್ನುತ್ತಾರೆ. ಸ್ವಿಟ್ಜರ್ಲೆಂಡ್?

ಸಮುದ್ರ ದೂರವಿದ್ದರೆ ಏನು ಖರ್ಚು ಬೀಳುತ್ತದೆ ಎಂದು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಲಾರಿ ಬಾಡಿಗೆ ಒಂದು ಭಾಗ ಮಾತ್ರ. ಪರದೇಶದ ಮೂಲಕ ಹಾಯುವ ಸರಕು ದಾರಿಯಲ್ಲೇ ಮಾರಾಟವಾಗದಂತೆ ಸುಂಕ ಇಲಾಖೆಗೆ ಜಾಮೀನು ಕಟ್ಟಬೇಕು. ಆ ಹಣ ಸರಕು ಗಡಿ ದಾಟುವವರೆಗೆ ಸಿಕ್ಕಿಬಿದ್ದಿರುತ್ತದೆ. ಕಂಟೇನರ್ ಹಡಗು ಕಂಪನಿಯದು, ಗೊತ್ತಾದ ದಿನಗಳೊಳಗೆ ಬಂದರಿಗೆ ಮರಳದಿದ್ದರೆ ದಿನಬಾಡಿಗೆ ಏರುತ್ತ ಹೋಗುತ್ತದೆ. ರಫ್ತು ಕಡಿಮೆ ಇರುವ ದೇಶದಿಂದ ಲಾರಿ ಖಾಲಿ ಹಿಂದಿರುಗುವುದರಿಂದ ಆಮದು ಸರಕೇ ಎರಡೂ ಕಡೆಯ ಬಾಡಿಗೆ ಹೊರಬೇಕು. ರೈಲಾದರೆ ಹಳಿಯ ಅಗಲ ಬೇರೆ: ಚೀನಾದ್ದು 1,435 ಮಿ.ಮೀ., ಕಝಾಕಸ್ತಾನದ್ದು 1,520. ಆ 85 ಮಿ.ಮೀ.ಗಾಗಿ ಗಡಿಯಲ್ಲಿ ಪ್ರತಿ ಕಂಟೇನರನ್ನೂ ಎತ್ತಿ ಬೇರೆ ಬಂಡಿಗೆ ಇಡಬೇಕು.

ಸ್ವಿಟ್ಜರ್ಲೆಂಡಿಗೆ ರೈನ್ ನದಿ ಬಾಸೆಲ್‌ವರೆಗೆ ಬಾರ್ಜ್ ತರುತ್ತದೆ, ನೆರೆಯವರೇ ಶ್ರೀಮಂತ ಗಿರಾಕಿಗಳು, ಮೇಲಾಗಿ ಅದು ಮಾರುವುದು ಗಡಿಯಾರ ಮತ್ತು ಔಷಧ. ಕಿಲೋಗೆ ಬೆಲೆ ಹೆಚ್ಚಿದ್ದಷ್ಟೂ ದೂರ ನಗಣ್ಯ. ಬೋಟ್ಸ್ವಾನಾದ ವಜ್ರಕ್ಕೂ ಇದೇ ಮಾತು. ಇಥಿಯೋಪಿಯಾದ ಪಾಡು ಬೇರೆ. 1993ರಲ್ಲಿ ಎರಿಟ್ರಿಯಾ ಪ್ರತ್ಯೇಕವಾದಾಗ ಕರಾವಳಿಯೂ ಹೋಯಿತು. ಈಗ ಅದರ ವಿದೇಶ ವ್ಯಾಪಾರದ ಬಹುಪಾಲು ಜಿಬೂಟಿ ಎಂಬ ಒಂದೇ ಬಾಗಿಲಿನಿಂದ ನಡೆಯುತ್ತದೆ, ಅದರಲ್ಲೂ ಗೊಬ್ಬರ, ಇಂಧನ, ಗೋಧಿಯಂಥ ಭಾರದ ಸರಕು. ಲಿಕ್ಟನ್‌ಸ್ಟೈನ್ ಮತ್ತು ಉಜ್ಬೇಕಿಸ್ತಾನ ಎರಡು ಗಡಿ ದಾಟದೆ ಸಮುದ್ರ ಕಾಣದ ದೇಶಗಳು. ಎರಡರ ಸ್ಥಿತಿ ಹೋಲಿಸಿದರೆ ನೆರೆಹೊರೆ ಎಷ್ಟು ಮುಖ್ಯವೆಂದು ತಿಳಿಯುತ್ತದೆ.

ಪ್ರಶ್ನೆ: ಐಸ್‌ಲೆಂಡಿನಲ್ಲಿ ಅಲ್ಯುಮಿನಿಯಂ ಅದಿರಾದ ಬಾಕ್ಸೈಟ್ ಇಲ್ಲ, ಆದರೂ ಅಲ್ಯುಮಿನಿಯಂ ಅದರ ದೊಡ್ಡ ರಫ್ತು. ಹೇಗೆ?

ತೂಕದ ಲೆಕ್ಕ ನೋಡಿ. 4–5 ಟನ್ ಬಾಕ್ಸೈಟ್‌ನಿಂದ ಸುಮಾರು 2 ಟನ್ ಅಲ್ಯುಮಿನಾ ಎಂಬ ಬಿಳಿ ಪುಡಿ, ಅದರಿಂದ 1 ಟನ್ ಲೋಹ. ಅರ್ಧಕ್ಕಿಂತ ಹೆಚ್ಚು ತೂಕ ಮೊದಲ ಹಂತದಲ್ಲೇ ಹೋಗುವುದರಿಂದ ಅದನ್ನು ಗಣಿಯ ಹತ್ತಿರ ಮಾಡುವುದು ಲಾಭ. ಎರಡನೆಯ ಹಂತಕ್ಕೆ ಟನ್ನಿಗೆ 13–15 ಸಾವಿರ ಯೂನಿಟ್ ವಿದ್ಯುತ್ ಬೇಕು. ಪುಡಿಯನ್ನು ಹಡಗಿನಲ್ಲಿ ಸಾಗರದಾಚೆ ಸಾಗಿಸಬಹುದು, ಐಸ್‌ಲೆಂಡಿನ ಜಲಪಾತವನ್ನೂ ಭೂಶಾಖವನ್ನೂ ಸಾಗಿಸಲಾಗದು. ಹಾಗಾಗಿ ಪುಡಿಯೇ ಅಲ್ಲಿಗೆ ಬರುತ್ತದೆ. ವಿದ್ಯುತ್ ಅಗ್ಗವಾಗಿದ್ದರಷ್ಟೇ ಸಾಲದು, ಕಡಿಯಲೂ ಬಾರದು. ನಾಲ್ಕೈದು ಗಂಟೆ ನಿಂತರೆ ಕುಲುಮೆಯೊಳಗಿನ ದ್ರವ ಹೆಪ್ಪುಗಟ್ಟಿ, ಒಡೆದು ತೆಗೆದು ಮತ್ತೆ ಕಟ್ಟುವ ಪರಿಸ್ಥಿತಿ ಬರುತ್ತದೆ.

ಪ್ರಶ್ನೆ: ನೆದರ್ಲೆಂಡ್ಸ್ ಸಮುದ್ರದಿಂದ ನೆಲ ಕಿತ್ತುಕೊಂಡಿತು ಎಂದು ಎಲ್ಲರೂ ಬರೆಯುತ್ತಾರೆ. ನೀರು ಪಂಪ್ ಮಾಡಿ ಹಾಕಿದ ಮೇಲೆ ಏನು ಮಾಡಿದರು? ಕೆಸರಿನಲ್ಲಿ ಊರು ಕಟ್ಟಿದ್ದು ಹೇಗೆ?

ಕೇಳಬೇಕಾದ ಪ್ರಶ್ನೆ. ಮೊದಲು 1932ರಲ್ಲಿ 32 ಕಿ.ಮೀ. ಉದ್ದದ ಏರಿ ಹಾಕಿ ಒಂದು ಕೊಲ್ಲಿಯನ್ನು ಸಮುದ್ರದಿಂದ ಬೇರ್ಪಡಿಸಿದರು. ನದಿ ನೀರು ತುಂಬುತ್ತ ಅದು ಸಿಹಿನೀರ ಸರೋವರವಾಯಿತು. ಆಮೇಲೆ ಅದರೊಳಗೆ ಒಂದೊಂದೇ ತುಂಡನ್ನು ಏರಿಯಿಂದ ಸುತ್ತುವರಿದು ನೀರು ಖಾಲಿ ಮಾಡಿದರು: 1942ರಲ್ಲಿ ಈಶಾನ್ಯದ್ದು, 1957ರಲ್ಲಿ ಪೂರ್ವ ಫ್ಲೆವೊಲ್ಯಾಂಡ್, 1968ರಲ್ಲಿ ದಕ್ಷಿಣ ಫ್ಲೆವೊಲ್ಯಾಂಡ್.

ನೀರು ಹೋದಾಗ ಸಿಗುವುದು ಮೊಸರಿನಂಥ ಜೇಡಿ, ಕಾಲಿಟ್ಟರೆ ಹೂತುಹೋಗುತ್ತದೆ. ಫ್ಲೆವೊಲ್ಯಾಂಡಿನಲ್ಲಿ ವಿಮಾನದಿಂದ ಜೊಂಡಿನ ಬೀಜ ಬಿತ್ತಿದರು. ಜೊಂಡು ಬೇರುಗಳಿಂದ ನೀರು ಹೀರಿ ಆವಿ ಮಾಡುತ್ತದೆ, ಬೇರು ಇಳಿದ ಕಡೆ ಜೇಡಿ ಬಿರಿದು ಗಾಳಿ ಒಳಹೋಗುತ್ತದೆ, ಬೇರೆ ಕಳೆ ತಲೆಯೆತ್ತುವುದಿಲ್ಲ. ಕೆಲವು ವರ್ಷಗಳ ನಂತರ ಜೊಂಡನ್ನು ಸುಟ್ಟು, ಬಸಿಗಾಲುವೆ ತೋಡಿ, ಮೊದಲ ಬೆಳೆಯಾಗಿ ಸಾಸಿವೆಯ ಜಾತಿಯ ರೇಪ್‌ಸೀಡ್, ಆಮೇಲೆ ಧಾನ್ಯ. ಮೊದಲ ಕೆಲವು ವರ್ಷ ಸರ್ಕಾರವೇ ಒಕ್ಕಲುತನ ಮಾಡಿ, ನೆಲ ಹದಕ್ಕೆ ಬಂದ ಮೇಲೆ ರೈತರನ್ನು ಆರಿಸಿ ಗೇಣಿಗೆ ಕೊಟ್ಟಿತು. ಆತುರಪಟ್ಟು ಮೊದಲೇ ಮನೆ ಕಟ್ಟಿದರೆ, ಒಣಗುತ್ತ ಕುಗ್ಗುವ ನೆಲ ಅಡಿಪಾಯವನ್ನು ಓರೆ ಮಾಡುತ್ತದೆ.

ಎರಡು ತಪ್ಪುಗಳಿಂದ ಅವರು ಕಲಿತರು. ಈಶಾನ್ಯದ ತುಂಡನ್ನು ಹಳೆಯ ನೆಲಕ್ಕೆ ನೇರವಾಗಿ ಅಂಟಿಸಿದ್ದರು. ಹೊಸ ನೆಲ ಮೀಟರ್‌ಗಟ್ಟಲೆ ತಗ್ಗಿನಲ್ಲಿದ್ದುದರಿಂದ ಹಳೆಯ ಹೊಲಗಳ ಅಂತರ್ಜಲ ಅತ್ತ ಬಸಿದು ಅವು ಒಣಗತೊಡಗಿದವು. ಆದ್ದರಿಂದ ಫ್ಲೆವೊಲ್ಯಾಂಡ್ ಮಾಡುವಾಗ ಹಳೆ ದಡಕ್ಕೂ ಹೊಸ ನೆಲಕ್ಕೂ ನಡುವೆ ಅಗಲದ ನೀರಿನ ಪಟ್ಟಿ ಬಿಟ್ಟರು. ಇಂದು ಭೂಪಟದಲ್ಲಿ ಕಾಣುವ ಆ ಸಪೂರ ಸರೋವರಗಳು ಅಂದಕ್ಕಾಗಿ ಬಿಟ್ಟದ್ದಲ್ಲ.

ಎರಡನೆಯ ತಪ್ಪು ಊರುಗಳದ್ದು. ಈಶಾನ್ಯದಲ್ಲಿ ನಡುವೆ ಎಮ್ಮೆಲೋರ್ಡ್ ಪಟ್ಟಣ, ಸುತ್ತ ಉಂಗುರದಂತೆ ಹತ್ತು ಹಳ್ಳಿ. ಕೃಷಿ ಕಾರ್ಮಿಕ ಸೈಕಲ್ ತುಳಿದು ಹೋಗಿಬರುವ ದೂರವೇ ಅಳತೆ. ಊರುಗಳು ಕಟ್ಟಿ ಮುಗಿಯುವಷ್ಟರಲ್ಲಿ ಟ್ರ್ಯಾಕ್ಟರ್ ಬಂದು ಕಾರ್ಮಿಕರ ಅಗತ್ಯ ಕುಗ್ಗಿತು, ಕಾರು ಬಂದು ಐದು ಕಿ.ಮೀ. ಎಂಬುದು ದೂರವೇ ಅಲ್ಲವಾಯಿತು. ಎಣಿಸಿದಷ್ಟು ಜನ ಆ ಹಳ್ಳಿಗಳಿಗೆ ಬರಲಿಲ್ಲ. ಪೂರ್ವ ಫ್ಲೆವೊಲ್ಯಾಂಡಿನಲ್ಲೂ ಮೊದಲು ಹತ್ತರಷ್ಟು ಊರುಗಳ ನಕ್ಷೆ ಇತ್ತು. ಅದನ್ನು ಕತ್ತರಿಸುತ್ತ ಬಂದು ಕೊನೆಗೆ ಡ್ರಾಂಟೆನ್, ಸ್ವಿಫ್ಟರ್‌ಬಾಂಟ್, ಬಿಡ್ಡಿಂಗ್‌ಹೌಜೆನ್, ಜೊತೆಗೆ ಲೇಲಿಸ್ಟಾಡ್ ನಗರ ಮಾತ್ರ ಉಳಿದವು. ಸಮತಟ್ಟು ನೆಲ, ಒಂದೇ ಮಣ್ಣು, ಸಮುದ್ರದ ತಳದಂಥ ಖಾಲಿ ಹಾಳೆ, ಬೇಕಾದಂತೆ ಬರೆಯಬಹುದಿತ್ತು. ಅಲ್ಲೂ ಊರುಗಳ ಅಂತರವನ್ನು ತೀರ್ಮಾನಿಸಿದ್ದು ಮನುಷ್ಯ ಯಾವ ವಾಹನದಲ್ಲಿ ಓಡಾಡುತ್ತಾನೆ ಎಂಬುದೇ.

ಪ್ರಶ್ನೆ: ಸೈಬೀರಿಯಾದಲ್ಲಿ ಅಷ್ಟು ದೊಡ್ಡ ನದಿಗಳಿದ್ದೂ ನಗರಗಳೆಲ್ಲ ದಕ್ಷಿಣದ ಒಂದೇ ಗೆರೆಯಲ್ಲಿ ಏಕಿವೆ?

ಓಬ್, ಯೆನಿಸೇ, ಲೇನಾ ಮೂರೂ ಉತ್ತರಕ್ಕೆ ಹರಿದು, ವರ್ಷದ ಬಹುಕಾಲ ಹೆಪ್ಪುಗಟ್ಟಿರುವ ಸಮುದ್ರ ಸೇರುತ್ತವೆ. ವಸಂತದಲ್ಲಿ ದಕ್ಷಿಣದ ಮೇಲ್ಪಾತ್ರ ಮೊದಲು ಕರಗುತ್ತದೆ, ಕೆಳಪಾತ್ರ ಇನ್ನೂ ಗಟ್ಟಿ. ಬಂದ ನೀರಿಗೆ ಮಂಜುಗಡ್ಡೆಯೇ ಅಣೆಕಟ್ಟಾಗಿ ದಡದ ಊರುಗಳು ಮುಳುಗುತ್ತವೆ. 2001ರ ಮೇ ತಿಂಗಳಲ್ಲಿ ಲೆನ್ಸ್ಕ್ ಪಟ್ಟಣ ನಾಶವಾದದ್ದು ಹೀಗೆ. ಮಂಜು ಒಡೆಯಲು ವಿಮಾನದಿಂದ ಬಾಂಬ್ ಹಾಕಬೇಕಾಯಿತು. ಸರಕು ಪೂರ್ವ–ಪಶ್ಚಿಮ ಸಾಗಬೇಕು, ನದಿಗಳು ಅಡ್ಡಲಾಗಿ ಹರಿಯುತ್ತವೆ. ಹಾಗಾಗಿ 1891ರಲ್ಲಿ ಶುರುವಾದ ಟ್ರಾನ್ಸ್ ಸೈಬೀರಿಯನ್ ರೈಲು ನದಿಗಳನ್ನು ದಾಟುವ ಜಾಗಗಳೇ ದೊಡ್ಡ ನಗರಗಳಾದವು: ಇರ್ತಿಶ್ ದಾಟುವಲ್ಲಿ ಓಮ್ಸ್ಕ್, ಯೆನಿಸೇ ದಾಟುವಲ್ಲಿ ಕ್ರಾಸ್ನೊಯಾರ್ಸ್ಕ್. ಓಬ್‌ಗೆ ಸೇತುವೆ ಕಟ್ಟಲು ತಳ ಗಟ್ಟಿಯಿರುವ ಜಾಗ ಆರಿಸಿದಾಗ 1893ರಲ್ಲಿ ಕೆಲಸಗಾರರ ಬಿಡಾರವಾಗಿ ಹುಟ್ಟಿದ ನೊವೊಸಿಬಿರ್ಸ್ಕ್ ಇಂದು ರಷ್ಯಾದ ಮೂರನೆಯ ದೊಡ್ಡ ನಗರ. 1604ರಿಂದ ಇದ್ದ ತೋಮ್ಸ್ಕ್ ಹಳಿಯಿಂದ ಬದಿಗೆ ಬಿತ್ತು, ಅದಕ್ಕೆ ಸಿಕ್ಕಿದ್ದು ತೈಗಾ ನಿಲ್ದಾಣದಿಂದ ಒಂದು ಕವಲು ದಾರಿ ಮಾತ್ರ.